ಬಾಜೊ ಬೇಡ ಅಂದ ಕೋಚ್

ಫುಟ್‌ಬಾಲ್ ಕೋಚ್ ಕಾರ್ಲೊ ಆಂಚೆಲೊಟ್ಟಿ ಅಂದರೆ ಎಲ್ಲರೂ ಕಪ್ ಎಣಿಸೋಕೆ ಕೂರ್ತಾರೆ. ಆಟಗಾರನಾಗಿ ಮಿಲಾನ್ ಜೊತೆ 1989, 1990ರ ಯುರೋಪಿಯನ್ ಕಪ್, ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್. ಸರಿ. ಆದರೆ ನೋಡಬೇಕಾದ್ದು ಅವರು ಇಟಲಿಯ ಪಾರ್ಮಾ ಕ್ಲಬ್‌ಗೆ ಕೋಚ್ ಆಗಿದ್ದ ದಿನಗಳನ್ನ.

ಮಿಲಾನ್‌ನಲ್ಲಿ ಕೋಚ್ ಆಗಿದ್ದ ಸಾಕ್ಕಿ ಗರಡಿಯಲ್ಲಿ ಪಳಗಿದ ಮನುಷ್ಯ. 4-4-2 (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಫಾರ್ವರ್ಡ್) ಬಿಟ್ಟು ಬೇರೆ ಮಾತಿಲ್ಲ. ಆ ವ್ಯವಸ್ಥೆಯಲ್ಲಿ ಫಾರ್ವರ್ಡ್‌ಗಳ ಹಿಂದೆ ಸ್ವಚ್ಛಂದವಾಗಿ ಆಡೋ ನಂಬರ್ 10ಕ್ಕೆ ಜಾಗವೇ ಇಲ್ಲ. ಅಂಥ ಆಟಗಾರ ಜೋಲಾನನ್ನು ಎಡಬದಿಗೆ ತಳ್ಳಿದರು, ಅವನು ಚೆಲ್ಸಿಗೆ ಹೊರಟ. 1997ರಲ್ಲಿ ಇನ್ನೊಬ್ಬ ನಂಬರ್ 10 ರಾಬರ್ಟೊ ಬಾಜೊ ಬರ್ತೀನಿ ಅಂದರೂ ಬೇಡ ಅಂದರು. ಬಾಜೊ ಬೊಲೋನ್ಯಾಕ್ಕೆ ಹೋಗಿ ಆ ಸೀಸನ್ ಲೀಗ್‌ನಲ್ಲಿ 22 ಗೋಲು ಬಾರಿಸಿದ! ಹೊಸ ಕೋಚ್‌ಗೆ ಹಟ ಅನ್ನೋದು ಬಹುಶಃ ಭಯದ ಇನ್ನೊಂದು ರೂಪ.

ಮುಂದೆ ಯುವೆಂಟಸ್‌ ಕೋಚ್ ಆಗಿ ಅಂಥದೇ ನಂಬರ್ 10 ಜಿದಾನ್ ಸಿಕ್ಕಮೇಲೆ ಆ ಹಟ ಸಡಿಲಾಯ್ತು. ಮಿಲಾನ್‌ನಲ್ಲಂತೂ ನಂಬರ್ 10 ಆಗಿ ಬೆಳೆದ ಪಿರ್ಲೊನನ್ನು ಡಿಫೆನ್ಸ್ ಮುಂದೆಯೇ ನಿಲ್ಲಿಸಿದರು. (ಬ್ರೆಶಿಯಾ ಕ್ಲಬ್‌ನಲ್ಲಿ ಕೋಚ್ ಮಾಟ್ಜೋನೆ ಇದನ್ನು ಮೊದಲೇ ಮಾಡಿದ್ದರು, ಅದೂ ಅದೇ ಬಾಜೊ ತಂಡದಲ್ಲಿದ್ದಾಗ.) ಪಿರ್ಲೊಗೆ ವೇಗ ಕಮ್ಮಿ, ಅಲ್ಲಿ ನಿಂತರೆ ಇಡೀ ಮೈದಾನ ಕಣ್ಣೆದುರು, ಪಾಸ್ ಕೊಡೋಕೆ ಪುರುಸೊತ್ತು. ಅವನ ಪಾಲಿನ ಓಟ, ಟ್ಯಾಕಲ್ ಎಲ್ಲ ಪಕ್ಕದ ಗಟ್ಟೂಸೊ ಹೆಗಲಿಗೆ. ಮಿಡ್‌ಫೀಲ್ಡ್ ಎಲ್ಲ ನಡುವೆಯೇ ಕಿಕ್ಕಿರಿಯೋದರಿಂದ ಅಗಲಕ್ಕೆ ಆಡೋ ಕೆಲಸ ಕಾಫು ಥರದ ಫುಲ್‌ಬ್ಯಾಕ್‌ಗಳದು (ಡಿಫೆನ್ಸ್‌ನ ಎಡ, ಬಲ ಅಂಚಿನವರು). ಅವರು ಮೇಲೇರಿದಾಗ ಬೆನ್ನ ಹಿಂದೆ ಬಯಲು.

2005ರ ಚಾಂಪಿಯನ್ಸ್ ಲೀಗ್ ಫೈನಲ್, ಇಸ್ತಾಂಬುಲ್: ಅರ್ಧಕ್ಕೆ ಮಿಲಾನ್ 3-0 ಮುಂದೆ. ಎದುರಾಳಿ ಲಿವರ್‌ಪೂಲ್ ಮಿಡ್‌ಫೀಲ್ಡರ್ ಹಾಮನ್‌ನನ್ನು ಕಣಕ್ಕಿಳಿಸಿ, ಮಿಲಾನ್‌ನ ಕಾಕಾ ಆಡ್ತಿದ್ದ ಜಾಗ ಮುಚ್ಚಿತು. ಆರೇ ನಿಮಿಷದಲ್ಲಿ 3-3, ಕೊನೆಗೆ ಪೆನಾಲ್ಟಿಯಲ್ಲಿ ಮಿಲಾನ್‌ಗೆ ಸೋಲು. ಎರಡು ವರ್ಷದ ನಂತರ ಅಥೆನ್ಸ್‌ನಲ್ಲಿ ಅದೇ ಲಿವರ್‌ಪೂಲ್ ವಿರುದ್ಧ ಫೈನಲ್‌ನಲ್ಲಿ 2-1 ಗೆಲುವು. ಮಿಲಾನ್‌ನ ಎರಡೂ ಗೋಲು ಫಾರ್ವರ್ಡ್ ಇಂಜಾಗಿಯದು.