ರಿಪೋರ್ಟ್ ನಾಲ್ಕು, ತಪ್ಪು ನನ್ನದು

ಆನ್‌ಲೈನ್ ಗೇಮ್ ಒಂದರಲ್ಲಿ ನಾನು ಮಾಡರೇಟರ್. ಅಂದರೆ ದಿನವಿಡೀ ಬೇರೆಯವರ ಜಗಳ ಓದುವುದು. ಫಿಲ್ಟರ್‌ಗೆ ಸಿಗಬಾರದು ಅಂತ ಬೈಗುಳದ ಮಧ್ಯೆ ಚುಕ್ಕಿ, ಅಂಕಿ ತುರುಕುವ ಜಾಣರನ್ನು ಹಿಡಿಯುವುದು ಅಂಥ ಕಷ್ಟವೇನಲ್ಲ. ನಾನು ಎಡವಿದ್ದು ಬೇರೆ ಕಡೆ.

ಒಂದೇ ಮ್ಯಾಚ್‌ನಿಂದ ಒಬ್ಬನ ಮೇಲೆ ನಾಲ್ಕು ರಿಪೋರ್ಟ್ ಬಂದವು. ನಾಲ್ಕೂ ಅವನದೇ ಟೀಮಿನವರದು. ಚಾಟ್ ಲಾಗ್ ತೆರೆದೆ. ಕೊನೆಯ ಐದು ನಿಮಿಷ ಅವನದು ಬರೀ ಹೊಲಸು ಮಾತು. ಇನ್ನೇನು ನೋಡೋದು? 7 ದಿನ ಬ್ಯಾನ್ ಹಾಕಿ ಮುಂದಿನದಕ್ಕೆ ಹೋದೆ.

ಮರುದಿನ ಅವನ ಅಪೀಲ್ ಬಂತು. ಒಂದೇ ಸಾಲು: "ಪಿಂಗ್ ನೋಡಿದ್ರಾ?"

ನೋಡಿರಲಿಲ್ಲ. ಪಿಂಗ್ ಅಂದರೆ ಆಟದೊಳಗೆ ಒಂದು ಜಾಗದ ಮೇಲೆ ಗುರುತು ಹಾಕಿ, ಟಣ್ ಅಂತ ಶಬ್ದ ಮಾಡಿ ಜೊತೆಯವರಿಗೆ ಕೊಡುವ ಸೂಚನೆ. ನಮ್ಮ ಚಾಟ್ ಲಾಗ್‌ನಲ್ಲಿ ಪಿಂಗ್ ಬರುತ್ತಲೇ ಇರಲಿಲ್ಲ. ಮ್ಯಾಚ್‌ನ ರೆಕಾರ್ಡಿಂಗ್, ಅಂದರೆ ರಿಪ್ಲೇ ಹಾಕಿದೆ. ಮೂರನೇ ನಿಮಿಷಕ್ಕೆ ಅವನು ಮೊದಲ ಸಲ ಸತ್ತ. ಸತ್ತ ಜಾಗದ ಮೇಲೆ ಪ್ರಶ್ನೆ ಗುರುತು, ಟಣ್ ಟಣ್ ಟಣ್. ಆಮೇಲೆ ಅವನು ಎಲ್ಲಿಗೆ ಹೋದರೂ ತಲೆ ಮೇಲೆ ಅದೇ. ಆ ನಾಲ್ವರು ಮೊದಲೇ ಗುಂಪು ಕಟ್ಟಿಕೊಂಡು ಆಡಲು ಬಂದವರು, ಇವನೊಬ್ಬನೇ ಹೊರಗಿನವನು. ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ಕೇಳುವಷ್ಟರಲ್ಲಿ ನನಗೇ ತಲೆ ಕೆಟ್ಟಿತು. ಅವನು ಇಪ್ಪತ್ತು ನಿಮಿಷ ಕೇಳಿದ್ದ. ಒಂದಕ್ಷರ ಬೈಯದೆಯೂ ಒಬ್ಬನನ್ನು ಗೋಳು ಹುಯ್ದುಕೊಳ್ಳಬಹುದು, ಅಲ್ವಾ?

ಇದೇನು ಹೊಸ ರೋಗವಲ್ಲ. ಲೀಗ್ ಆಫ್ ಲೆಜೆಂಡ್ಸ್ ಅನ್ನೋ ಗೇಮ್‌ನಲ್ಲಿ ಬೇಟ್ (ಗಾಳ) ಪಿಂಗ್ ಅಂತ ಒಂದಿತ್ತು. ಜನ ಅದನ್ನು ಜೊತೆಯವರನ್ನು ಚುಚ್ಚುವುದಕ್ಕೇ ಬಳಸುತ್ತಿದ್ದರು ಅಂತ 2023ರಲ್ಲಿ ತೆಗೆದೇ ಹಾಕಿದರು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ರಿಪ್ಲೇ ಹಾಕಲಿಲ್ಲ, ಅದೇ ಬೇಜಾರು.

ಹಾಗಂತ ಅವನು ಬೈದದ್ದು ಸರಿಯಾಗುವುದಿಲ್ಲ. ಬ್ಯಾನ್ ತೆಗೆಯಲಿಲ್ಲ, ಒಂದು ದಿನಕ್ಕೆ ಇಳಿಸಿದೆ. (ಆ ದಿನ ಆಗಲೇ ಕಳೆದಿತ್ತು, ಇರಲಿ.) ನಾಲ್ವರಿಗೂ ಶಿಕ್ಷೆಯಾಯಿತು. "ನಾವೊಂದು ಮಾತೂ ಆಡಿಲ್ಲ" ಅಂತ ಅವರದೂ ಅಪೀಲ್ ಬಂತು. ನಿಜ, ಆಡಿರಲಿಲ್ಲ. ಎಷ್ಟನೇ ನಿಮಿಷಕ್ಕೆ ಯಾರು ಎಷ್ಟು ಪಿಂಗ್ ಅಂತ ಬರೆದು ಕಳಿಸಿದೆ. ಮತ್ತೆ ಯಾರೂ ಬರೆಯಲಿಲ್ಲ.

ಈಗ ಮೊದಲ ಬೈಗುಳ ಎಲ್ಲಿದೆ ಅಂತ ಹುಡುಕಿ, ಅಲ್ಲಿಂದ ಹಿಂದಕ್ಕೆ ನೋಡುತ್ತೇನೆ. ಎಂಜಿನಿಯರ್‌ಗಳು ಲಾಗ್ ಪಕ್ಕದಲ್ಲೇ ಪಿಂಗ್ ಲೆಕ್ಕವನ್ನೂ ಹಾಕಿಕೊಟ್ಟಿದ್ದಾರೆ. ಆದರೆ ಪಿಂಗ್ ಜಾಸ್ತಿ ಇದ್ದರೆ ಸುಮ್ನೆ ತಪ್ಪು ಅನ್ನುವ ಹಾಗಿಲ್ಲ, ಚೆನ್ನಾಗಿ ಆಡುವವರೂ ಒಂದೇ ಸಮ ಪಿಂಗ್ ಮಾಡುತ್ತಾರೆ. ಅವರದು ಶತ್ರು ಬರುವ ದಾರಿಯ ಮೇಲೆ ಬೀಳುತ್ತದೆ, ಸತ್ತವನ ತಲೆ ಮೇಲಲ್ಲ. ಅದನ್ನು ತಿಳಿಯಲು ಈಗಲೂ ರಿಪ್ಲೇನೇ ನೋಡಬೇಕು.