ಗೋಡೆ ಕಡೆ ತಿರುಗಿದ ಗಡಿಯಾರ

ಆ ರಾತ್ರಿ ಗಡಿಯಾರ ನೋಡಿದಾಗ 2 ಗಂಟೆ 40 ನಿಮಿಷ. ಅದಕ್ಕೆ ಮುಂಚೆ 2.10ಕ್ಕೆ ನೋಡಿದ್ದೆ. ಅದಕ್ಕೂ ಮುಂಚೆ 1.25ಕ್ಕೆ. ನೋಡಿದಾಗಲೆಲ್ಲ ಅದೇ ಲೆಕ್ಕ. ಈಗ ನಿದ್ದೆ ಬಂದರೆ ನಾಲ್ಕೂವರೆ ಗಂಟೆ ಸಿಗುತ್ತದೆ, ಈಗ ಬಂದರೆ ಮೂರು ಗಂಟೆ ಐವತ್ತು ನಿಮಿಷ, ಈಗ ಬಂದರೂ ಮೂರೂವರೆಯೂ ಇಲ್ಲ. ಲೆಕ್ಕ ಹಾಕಿದಷ್ಟೂ ಎದೆ ಡವಡವ. ಕಿವಿ ದಿಂಬಿಗೆ ಒತ್ತಿದರೆ ಆ ಬಡಿತ ದಿಂಬಿನೊಳಗಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು. ಮಗ್ಗುಲು ಬದಲಿಸಿದೆ. ಆ ಕಿವಿಗೂ ಅದೇ ಸದ್ದು.

ನನಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ತಿಂಗಳುಗಟ್ಟಲೆ ಕುಸಿದು ಕೂರುತ್ತದೆ, ಅಪರೂಪಕ್ಕೆ ಹಿಡಿತಕ್ಕೇ ಸಿಗದಷ್ಟು ಮೇಲೇರುತ್ತದೆ. ಕಾಯಿಲೆ ಇದೇ ಎಂದು ಗೊತ್ತಾದ ದಿನ ಡಾಕ್ಟರ್ ಎಷ್ಟೋ ವಿಷಯ ಹೇಳಿದ್ದರು. ತಲೆಯಲ್ಲಿ ಉಳಿದದ್ದು ಒಂದೇ ಮಾತು: "ನಿದ್ದೆ ಕೆಡದ ಹಾಗೆ ನೋಡ್ಕೊಳ್ಳಿ. ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸಬಹುದು." ಮಾತು ನಿಜವೇ. ಈ ಕಾಯಿಲೆ ಇರುವವರಲ್ಲಿ ಒಂದೆರಡು ರಾತ್ರಿಯ ನಿದ್ದೆಗೇಡು ಉನ್ಮಾದಕ್ಕೆ, ಅಂದರೆ ಮನಸ್ಸು ಹಾಗೆ ಮೇಲೇರುವ ಸ್ಥಿತಿಗೆ, ದಾರಿ ಮಾಡಬಹುದು. ಆದರೆ ಅವರು ಎಚ್ಚರಿಕೆ ಅಂತ ಕೊಟ್ಟದ್ದನ್ನು ನಾನು ಹೆದರಿಕೆ ಮಾಡಿಕೊಂಡು ಮನೆಗೆ ತಂದೆ. ಆಮೇಲೆ ಹಾಸಿಗೆ ಅಂದರೆ ಪರೀಕ್ಷೆಯ ಕೋಣೆ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಇವತ್ತು ನಿದ್ದೆ ಬರುತ್ತಾ? ಬರದಿದ್ದರೆ? ನಾಳೆ ಮತ್ತೆ ತಲೆ ಕೆಟ್ಟರೆ?

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅಂತ ಹತ್ತಿರದವರು ಸಮಾಧಾನಕ್ಕೆ ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಅದು ಚುಚ್ಚುತ್ತಿತ್ತು. ಚಿಂತೆ ಬೇಡ ಅಂದುಕೊಂಡ ಕೂಡಲೇ ಬಿಟ್ಟು ಹೋಗುವಂಥದ್ದಾಗಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು, ಅಲ್ವಾ?

ಆ ರಾತ್ರಿಗೆ ಹತ್ತು ದಿನ ಮೊದಲು ಒಂದು ತಪ್ಪು ಮಾಡಿದ್ದೆ. ಹಾಸಿಗೆಯಲ್ಲಿ ಕಳೆಯುವ ಸಮಯವನ್ನೇ ಕಡಿಮೆ ಮಾಡಿದರೆ ನಿದ್ದೆ ಗಟ್ಟಿಯಾಗುತ್ತದೆ ಅಂತ ಓದಿದ್ದೆ. ಬರೀ ನಿದ್ದೆ ಬಾರದವರಿಗೆ ತಜ್ಞರು ಬಳಸುವ ನಿಜವಾದ ವಿಧಾನವೇ ಅದು. ಆದರೆ ಯಾರನ್ನೂ ಕೇಳದೆ ನಾನೇ ಶುರು ಮಾಡಿಬಿಟ್ಟೆ. ರಾತ್ರಿ ಒಂದಕ್ಕೆ ಮಲಗುವುದು, ಬೆಳಿಗ್ಗೆ ಆರಕ್ಕೆ ಏಳುವುದು. ಬೈಪೋಲಾರ್ ಇರುವವರು ಹೀಗೆ ತಾವೇ ನಿದ್ದೆ ಮೊಟಕು ಮಾಡಿಕೊಂಡರೆ ಅಪಾಯ. ಮಾಡಲೇಬೇಕಾದರೂ ಡಾಕ್ಟರ್ ಕಣ್ಗಾವಲಿನಲ್ಲಿ, ತುಂಬಾ ಹುಷಾರಾಗಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2.40ಕ್ಕೆ ಎದ್ದು ಅಕ್ಕನ ಕೋಣೆಯ ಬಾಗಿಲು ತಟ್ಟಿದೆ. ಅವಳು ಎದ್ದು ಕೂತಳು. ದೀಪ ಹಾಕಲಿಲ್ಲ. "ಏನಾಯ್ತು?" ಅಂದಳು.

"ಶುರುವಾಗ್ತಿದೆ ಅನ್ಸುತ್ತೆ ಅಕ್ಕ. ನಿದ್ದೇನೇ ಬರ್ತಿಲ್ಲ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು. "ನಿಂಗೆ ಸುಸ್ತಾಗಿದ್ಯಾ?"

ಎಂಥ ಪ್ರಶ್ನೆ ಅನಿಸಿತು. ಕಣ್ಣು ಉರಿಯುತ್ತಿತ್ತು, ಕಾಲು ಸೋತು ಹೋಗಿತ್ತು. "ಸಾಯೋಷ್ಟು ಸುಸ್ತು" ಅಂದೆ.

"ಹೋದ ಸಲ ಹಂಗಿರಲಿಲ್ಲ ಕಣೋ. ಹೋದ ಸಲ ನೀನು ಮೂರು ಗಂಟೆ ಮಲಗಿ ಎದ್ದು, ಇಡೀ ಬೀರು ಖಾಲಿ ಮಾಡಿ ಜೋಡಿಸ್ತಿದ್ದೆ. ಸುಸ್ತು ಅನ್ನೋ ಮಾತೇ ನಿನ್ನ ಬಾಯಲ್ಲಿ ಇರಲಿಲ್ಲ."

ಅವಳು ಹೇಳಿದ್ದು ಸರಿ. ಉನ್ಮಾದದಲ್ಲಿ ನಿದ್ದೆ ಬೇಕು ಅಂತಲೇ ಅನಿಸುವುದಿಲ್ಲ. ಎರಡು ಮೂರು ಗಂಟೆ ಮಲಗಿದರೂ ಮೈತುಂಬಾ ಹುರುಪು. ಆತಂಕದ ನಿದ್ದೆಗೇಡು ಬೇರೆ. ದೇಹ ನಿದ್ದೆಗೆ ಹಾತೊರೆಯುತ್ತದೆ, ಮನಸ್ಸು ಕಾವಲು ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಕಣ್ಣು ಬಿಟ್ಟುಕೊಂಡು ಬಿದ್ದಿರುವ ಮನುಷ್ಯ. ಒಳಗಿನಿಂದ ಅಜಗಜಾಂತರ. ಆದರೂ ಇದರ ಅರ್ಥ ಅಪಾಯವೇ ಇಲ್ಲ ಅಂತಲ್ಲ. ಸುಸ್ತಿನ ರಾತ್ರಿಗಳೂ ಸಾಲಾಗಿ ಬಂದರೆ ಡಾಕ್ಟರಿಗೆ ಹೇಳಲೇಬೇಕು. ಆದರೆ ಆ ಒಂದು ರಾತ್ರಿಗೆ ಅಕ್ಕನ ಪ್ರಶ್ನೆ ನನ್ನ ಕುತ್ತಿಗೆಗೆ ಬಿಗಿದಿದ್ದ ಹಗ್ಗ ಸ್ವಲ್ಪ ಸಡಿಲ ಮಾಡಿತು.

"ಹಾಸಿಗೆಗೆ ಹೋಗಬೇಡ ಈಗ. ಕುರ್ಚಿಯಲ್ಲಿ ಕೂತ್ಕೋ" ಅಂತ ಹೇಳಿ ಹೊದಿಕೆ ತಂದು ಕೊಟ್ಟಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದು ಹಳೆಯ ವೈದ್ಯಕೀಯ ಸಲಹೆಯೇ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಅನ್ನುವ ಮನೋವಿಜ್ಞಾನಿ ಈ ನಿಯಮ ಮುಂದಿಟ್ಟಿದ್ದರು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಒದ್ದಾಡಬೇಡಿ, ಎದ್ದು ಬೇರೆ ಕಡೆ ಹೋಗಿ, ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಹಾಸಿಗೆಗೂ ಒದ್ದಾಟಕ್ಕೂ ಬಿದ್ದಿರುವ ಗಂಟು ಹಾಗೆ ನಿಧಾನಕ್ಕೆ ಬಿಚ್ಚುತ್ತದೆ. ಹಾಸಿಗೆ ಕಂಡರೇ ಎದೆ ಹೊಡೆದುಕೊಳ್ಳುವ ನನಗೆ ಇದು ತುಂಬಾ ಅರ್ಥವಾಗುವ ಮಾತು.

ಕುರ್ಚಿಯಲ್ಲಿ ಕೂತು, ಮಂದ ಬೆಳಕಿನಲ್ಲಿ ನೋಟ್‌ಬುಕ್ ತೆಗೆದೆ. ಅಕ್ಷರ ಸೊಟ್ಟಸೊಟ್ಟ. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರಿಗೆ ಫೋನ್. ಆಫೀಸಿನ ಫೈಲು ವಾಪಸ್ ಕಳಿಸಬೇಕು. ಮಾತ್ರೆ ಮುಗಿಯುತ್ತಾ ಬಂತು. ಏಳನೆಯ ಸಾಲಿನಲ್ಲಿ "ಭಯ ಆಗ್ತಿದೆ" ಅಂತಷ್ಟೇ ಬರೆದೆ. ಅದನ್ನು ಬರೆಯುವಾಗ ಪೆನ್ನು ಎಷ್ಟು ಒತ್ತಿದ್ದೆ ಅಂದರೆ ಕೆಳಗಿನ ಹಾಳೆಯಲ್ಲೂ ಗೀರು ಮೂಡಿದೆ. ಈಗಲೂ ಬೆರಳಾಡಿಸಿದರೆ ಸಿಗುತ್ತದೆ. ಮಲಗುವ ಮುಂಚೆ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆದವರಿಗೆ ಬೇಗ ನಿದ್ದೆ ಹತ್ತಿತು ಅಂತ 2018ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ. ಅದರಲ್ಲಿದ್ದವರು ಆರೋಗ್ಯವಾಗಿದ್ದ ಯುವಜನ, ನನ್ನಂಥವರಲ್ಲ. ಆದರೂ ತಲೆಯೊಳಗೆ ಸುತ್ತುತ್ತಿದ್ದದ್ದು ಹಾಳೆ ಮೇಲೆ ಕೂತ ಮೇಲೆ ನನಗೂ ಸ್ವಲ್ಪ ಹಗುರಾಯಿತು.

ಯಾವಾಗ ಜೊಂಪು ಹತ್ತಿತೋ. ಅಕ್ಕ ಬಂದು ಭುಜ ಮುಟ್ಟಿ ಹಾಸಿಗೆಗೆ ಕಳಿಸಿದ್ದು ನೆನಪಿದೆ.

ಬೆಳಿಗ್ಗೆ ಫೋನಿನಲ್ಲಿ ಡಾಕ್ಟರ್ ಮೊದಲು ಕೇಳಿದ್ದೂ ಅಕ್ಕನ ಪ್ರಶ್ನೆಯನ್ನೇ. ಸುಸ್ತಾ, ಹುರುಪಾ? ಆಮೇಲೆ ನನ್ನ ಐದು ಗಂಟೆಯ ಪ್ರಯೋಗವನ್ನು ಅವತ್ತೇ ನಿಲ್ಲಿಸಿದರು. ರಾತ್ರಿ ತೆಗೆದುಕೊಳ್ಳುತ್ತಿದ್ದ ಒಂದು ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ಕೆಲವರಿಗೆ ಕೆಲವು ಮಾತ್ರೆ ನಿದ್ದೆ ಓಡಿಸುತ್ತದಂತೆ. ನಾನೇ ಬದಲಿಸಿಕೊಳ್ಳಬಾರದು, ನಿಲ್ಲಿಸಲೂಬಾರದು ಅಂತ ಎರಡೆರಡು ಸಲ ಹೇಳಿದರು. ಮತ್ತೊಂದು, ರಾತ್ರಿ ಹೇಗೇ ಕಳೆಯಲಿ, ಏಳುವ ಹೊತ್ತು ಮಾತ್ರ ದಿನಾ ಒಂದೇ ಇರಲಿ ಅಂದರು. ಎಲೆನ್ ಫ್ರಾಂಕ್ ಎನ್ನುವ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು ಬೈಪೋಲಾರ್‌ಗೆಂದೇ ಒಂದು ಚಿಕಿತ್ಸೆ ರೂಪಿಸಿದ್ದಾರೆ. ಏಳುವುದು, ಉಣ್ಣುವುದು, ಜನರ ಜೊತೆ ಬೆರೆಯುವುದು, ಮಲಗುವುದು, ಎಲ್ಲಕ್ಕೂ ಹೊತ್ತು ಕಟ್ಟುವುದೇ ಅದರ ಒಂದು ಮುಖ್ಯ ಭಾಗ. ನಿದ್ದೆಯನ್ನು ಕರೆದ ಹೊತ್ತಿಗೆ ಬರಿಸುವುದು ನನ್ನ ಕೈಯಲ್ಲಿಲ್ಲ, ಏಳುವುದು ಬಹುಪಾಲು ಇದೆ. ಕುಸಿದ ದಿನಗಳಲ್ಲಿ ಅದೂ ಬೆಟ್ಟ ಹತ್ತಿದ ಹಾಗೆ. ಆಗ ಅಕ್ಕ ಪರದೆ ಸರಿಸಿ ಹೋಗುತ್ತಾಳೆ, ಏನೂ ಮಾತಾಡದೆ.

ಗಡಿಯಾರವನ್ನು ಗೋಡೆ ಕಡೆ ತಿರುಗಿಸಿದ್ದು ನಾನೇ. ಏಳಿಸಲು ಅಲಾರಂ ಇದೆ, ನಡುರಾತ್ರಿ ಲೆಕ್ಕ ಯಾಕೆ?

ಈಗಲೂ ಎಚ್ಚರವಾಗುತ್ತದೆ. ಹೋದ ವಾರ ಒಂದು ರಾತ್ರಿ ಆಯಿತು. ಎದೆ ಹೊಡೆದುಕೊಂಡಿತು, ಎದ್ದು ಕುರ್ಚಿಗೆ ಹೋದೆ, ಬರೆದೆ, ವಾಪಸ್ ಬಂದೆ. ಡಾಕ್ಟರಿಗೆ ತೋರಿಸಲು ನಿದ್ದೆಯ ಲೆಕ್ಕ ಬರೆಯುವ ಪುಸ್ತಕದಲ್ಲಿ "ಎಷ್ಟು ಗಂಟೆಗೆ ಎಚ್ಚರವಾಯಿತು" ಅನ್ನುವ ಕಡೆ ಬೆಳಿಗ್ಗೆ ಬರೆದದ್ದು ಒಂದೇ ಪದ: "ಗೊತ್ತಿಲ್ಲ."