ಬೀಗದ ಕೈ ಯಾರ ಹತ್ತಿರ ಇರಬೇಕು?

ಮೈಸೂರು, 22 ಜೂನ್ 2025, ಭಾನುವಾರ

ನಾನು ಕಂಪ್ಯೂಟರ್ ನೋಡಿಕೊಳ್ಳುವ ಪ್ರಕಾಶನದ ಆಫೀಸಿಗೆ ಇವತ್ತು ರಜ. ಯಾರೂ ಫೈಲು ತೆರೆದು ಕೂತಿರುವುದಿಲ್ಲ ಎಂಬ ಧೈರ್ಯದ ಮೇಲೆ ಬ್ಯಾಕಪ್ ಕೆಲಸ ಶುರು ಮಾಡಿದೆ. ಪುಟವಿನ್ಯಾಸದ ಫೈಲುಗಳೆಲ್ಲ ಇರುವ ಒಂದು ಉಬುಂಟು ಸರ್ವರ್, ಡಿಟಿಪಿಯವರ ವಿಂಡೋಸ್ ಡೆಸ್ಕ್‌ಟಾಪ್‌ಗಳು, ಮುಖಪುಟ ಮಾಡುವವರ ಮ್ಯಾಕ್, ಅಕೌಂಟ್ಸ್ ಅಕ್ಕನ ಟ್ಯಾಲಿ ಇರುವ ಕಂಪ್ಯೂಟರ್. ಇವಲ್ಲದೆ ಪುಸ್ತಕ ಮಾರುವ ವೆಬ್‌ಸೈಟ್ ಹೊರಗೆ ಬಾಡಿಗೆ ಸರ್ವರ್‌ನಲ್ಲಿದೆ. ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಮಾಡಿ, ಎರಡು ಕಡೆ ಇಡಬೇಕು: ಒಂದು ಪ್ರತಿ ಆಫೀಸಿನಲ್ಲೇ ಬೇರೆ ಯಂತ್ರದಲ್ಲಿ, ಇನ್ನೊಂದು ಊರಾಚೆ, ಇಂಟರ್ನೆಟ್ ಮೂಲಕ ಕಡತ ಇಡುವ ಬಾಡಿಗೆಯ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ.

ಮಾಲೀಕರು ಬೆಳಗ್ಗೆಯೇ ಫೋನ್ ಮಾಡಿದ್ದರು. "ಎಲ್ಲಾ ಡ್ರೈವ್‌ಗೆ ಹೋಗ್ತಾ ಇದ್ಯಲ್ಲಪ್ಪಾ, ಮತ್ತೆ ಇದ್ಯಾಕೆ?"

ಈ ಪ್ರಶ್ನೆ ಎಲ್ಲ ಆಫೀಸಿನಲ್ಲೂ ಬರುತ್ತದೆ, ಬರಬೇಕಾದ್ದೇ. ಆನ್‌ಲೈನ್ ಡ್ರೈವ್‌ನ ಕೆಲಸ ಸಿಂಕ್, ಅಂದರೆ ಇಲ್ಲಿದ್ದದ್ದನ್ನು ಅಲ್ಲೂ ಹಾಗೇ ಇಡುವುದು. ಇಲ್ಲಿ ಫೈಲು ಕೆಟ್ಟರೆ ಅಲ್ಲೂ ಕೆಟ್ಟದ್ದೇ ಹೋಗಿ ಕೂರುತ್ತದೆ. ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ರಾನ್ಸಮ್‌ವೇರ್ ಹೊಕ್ಕರೆ ಅದು ಗೋಜಲು ಮಾಡಿದ ಫೈಲೂ ನಿಷ್ಠೆಯಿಂದ ಮೇಲೇರುತ್ತದೆ. ಹಳೆಯ ಆವೃತ್ತಿಗಳನ್ನು ಡ್ರೈವ್ ಸ್ವಲ್ಪ ಕಾಲ ಇಟ್ಟುಕೊಳ್ಳುತ್ತದೆ ನಿಜ. ಆದರೆ ಸಾವಿರಾರು ಫೈಲುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತಾ ಕೂರುವವರು ಯಾರು? ಇನ್ನು ಲೇಖಕರ ಗೌರವಧನ ಕಟ್ಟಲು ಅವರ ಪ್ಯಾನ್, ಬ್ಯಾಂಕ್ ಖಾತೆ ನಂಬರು, ವಿಳಾಸ ಎಲ್ಲ ನಮ್ಮ ಹತ್ತಿರ ಇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ವಿವರಗಳಿಗೆ ತಕ್ಕ ರಕ್ಷಣೆ ಇರಬೇಕೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ, ನಂಬಿ ಕೊಟ್ಟವರ ಪಾಸ್‌ಬುಕ್ ನಕಲನ್ನು ಬೇರೆಯವರ ಕಂಪ್ಯೂಟರಿನಲ್ಲಿ ಬೀಗವಿಲ್ಲದೆ ಇಡುವುದು ಸರಿಯಲ್ಲ.

ಯಾವ ಸಾಫ್ಟ್‌ವೇರ್ ಎನ್ನುವುದನ್ನು ಕೊನೆಗೆ ನಿರ್ಧರಿಸಿದ್ದು ನಮ್ಮ ಡಿಟಿಪಿಯವರು ಫೈಲಿಗೆ ಹೆಸರಿಡುವ ರೀತಿ. ಸರ್ವರ್‌ನಲ್ಲಿ ‘ಸಮಗ್ರ ಕಥೆಗಳು ಎರಡನೇ ಮುದ್ರಣ ಅಂತಿಮ ಕರಡು ತಿದ್ದಿದ್ದು ಹೊಸದು’ ಅಂತ ಒಂದು ಇನ್‌ಡಿಸೈನ್ ಫೈಲಿದೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಗುರುತು, ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ತಲಾ 3 ಬೈಟ್. ಆ ಹೆಸರು ‘.indd’ ಬಾಲ ಸೇರಿ 150 ಬೈಟ್ ಆಗುತ್ತದೆ. ಲಿನಕ್ಸ್‌ಗೆ ತೊಂದರೆಯಿಲ್ಲ, ಅದರ ಮಿತಿ 255. ಆದರೆ ಆರ್‌ಕ್ಲೋನ್ ಎಂಬ ನಕಲು ಸಾಫ್ಟ್‌ವೇರ್‌ನ ‘ಕ್ರಿಪ್ಟ್’ ಸೌಲಭ್ಯ ಫೈಲಿನ ಹೆಸರನ್ನೂ ಎನ್‌ಕ್ರಿಪ್ಟ್ ಮಾಡಿ ಉದ್ದ ಮಾಡುವುದರಿಂದ ಮೂಲ ಹೆಸರು ಸುಮಾರು 143 ಬೈಟ್ ದಾಟುವ ಹಾಗಿಲ್ಲ. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಈ ಗೋಡೆ ಸಾಮಾನ್ಯವಾಗಿ ತಾಗುವುದಿಲ್ಲ. ನಮಗೆ ಸುಮಾರು 47ನೇ ಅಕ್ಷರಕ್ಕೇ ತಾಗುತ್ತದೆ. ಬೋರ್ಗ್ ಎಂಬ ಬ್ಯಾಕಪ್ ಸಾಫ್ಟ್‌ವೇರ್ ನನಗಿಷ್ಟ, ಆದರೆ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡುವುದಿಲ್ಲ. ಉಳಿದದ್ದು ರೆಸ್ಟಿಕ್: ಮೂರೂ ಕಡೆ ಓಡುತ್ತದೆ, ಹೆಸರು ಎಷ್ಟೇ ಉದ್ದವಿದ್ದರೂ ಒಳಗಿನ ಪಟ್ಟಿಯಲ್ಲಿ ಸೇರಿಸಿಕೊಂಡುಬಿಡುತ್ತದೆ.

ರೆಸ್ಟಿಕ್ ಫೈಲನ್ನು ಅದರ ಒಳಗಿನ ವಸ್ತು ನೋಡಿ ತುಂಡು ಮಾಡುತ್ತದೆ, ಅರ್ಧ ಎಂಬಿಯಿಂದ 8 ಎಂಬಿವರೆಗೆ. ಮೊದಲೇ ಇರುವ ತುಂಡನ್ನು ಮತ್ತೆ ಕಳಿಸುವುದಿಲ್ಲ. ಹೊಸ ತುಂಡನ್ನು ನಮ್ಮ ಯಂತ್ರದಲ್ಲೇ ಎಇಎಸ್-256 ಎಂಬ ಗೂಢಲಿಪಿಯಿಂದ ಮುಚ್ಚಿ, ಯಾರಾದರೂ ತಿದ್ದಿದರೆ ಗೊತ್ತಾಗುವ ಹಾಗೆ ಪಾಲಿ1305 ಮುದ್ರೆ ಒತ್ತಿ, ಆಮೇಲೆ ಹೊರಗೆ ಬಿಡುತ್ತದೆ. ಸ್ಟೋರೇಜ್ ಕೊಟ್ಟವರಿಗೆ ಕಾಣುವುದು ಅರ್ಥವಿಲ್ಲದ ಕಡತಗಳ ರಾಶಿ ಅಷ್ಟೆ.

ಮ್ಯಾಕ್‌ನಲ್ಲಿ ಒಂದು ತಮಾಷೆ. ಬ್ಯಾಕಪ್‌ನಿಂದ ಬಿಡಬೇಕಾದ ಕಚಡಾ ಫೋಲ್ಡರ್‌ಗೆ ನಮ್ಮವರು ಎಲ್ಲೆಡೆ ‘ಬೇಡ’ ಅಂತಲೇ ಹೆಸರಿಟ್ಟಿದ್ದಾರೆ. ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ ‘ಬೇಡ’ ಬರೆದರೆ ಲಿನಕ್ಸ್, ವಿಂಡೋಸ್ ಎರಡರಲ್ಲೂ ಸರಿ. ಮ್ಯಾಕ್ ಮಾತ್ರ ಆ ಫೋಲ್ಡರನ್ನೂ ಬಾಚಿ ಕಳಿಸುತ್ತದೆ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿ ಇಟ್ಟುಕೊಳ್ಳುತ್ತವೆ: ಏತ್ವದ ಒಂದು ಗುರುತು ಅಲ್ಲಿ ಎತ್ವ ಮತ್ತು ದೀರ್ಘ ಅಂತ ಎರಡಾಗುತ್ತದೆ. ಕಣ್ಣಿಗೆ ಎರಡೂ ‘ಬೇಡ’, ಬೈಟ್‌ಗಳು ಬೇರೆ. ಬೀ, ಬೈ, ಬೊ, ಬೋ ಇವಕ್ಕೂ ಇದೇ ಗತಿ. ಹೆಸರಿನ ಸಹವಾಸವೇ ಬೇಡವೆಂದು, ಬಿಡಬೇಕಾದ ಪ್ರತಿ ಫೋಲ್ಡರ್ ಒಳಗೂ ಒಂದು ಖಾಲಿ ಗುರುತಿನ ಫೈಲ್ ಇಟ್ಟು, ‘ಇದಿದ್ದರೆ ಬಿಡು’ ಎನ್ನುವ ಆಯ್ಕೆ ಹಾಕಿದೆ. ರೆಸ್ಟಿಕ್‌ನಲ್ಲಿ ಆ ಅನುಕೂಲವಿದೆ.

ವಿಂಡೋಸ್‌ನಲ್ಲಿ ತೆರೆದಿರುವ ಫೈಲು ಓದಲು ಆ ಕ್ಷಣದ ಸ್ಥಿತಿ ಹಿಡಿದಿಡುವ ವಿಎಸ್‌ಎಸ್ ಸ್ನ್ಯಾಪ್‌ಶಾಟ್ ಬೇಕು, ಅದಕ್ಕೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಡ್ಮಿನ್ ಹಕ್ಕು ಕೊಟ್ಟರೆ ಆಯಿತು. ಸರ್ವರ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಿಸ್ಟಮ್‌ಡಿ ಟೈಮರ್, ‘ಪರ್ಸಿಸ್ಟೆಂಟ್’ ಸಮೇತ. ಕರೆಂಟ್ ಹೋಗಿ ರಾತ್ರಿಯ ಸರದಿ ತಪ್ಪಿದರೆ ಯಂತ್ರ ಎದ್ದ ಕೂಡಲೇ ಓಡುತ್ತದೆ.

ವೆಬ್‌ಸೈಟಿನ ಡೇಟಾಬೇಸ್ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಓಡುತ್ತಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಕಡತಗಳನ್ನು ಹಾಗೇ ನಕಲು ಮಾಡಿದರೆ ಅರ್ಧ ಬರೆದ ಲೆಕ್ಕವೂ ಬರಬಹುದು. ಆದ್ದರಿಂದ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಡಂಪ್ (ಒಂದೇ ಕ್ಷಣದ ಪೂರ್ತಿ ನಕಲು) ತೆಗೆದು ನೇರ ರೆಸ್ಟಿಕ್‌ಗೆ ಪೈಪ್ ಮಾಡಿದೆ, ಅಂದರೆ ನಡುವೆ ಫೈಲು ಮಾಡದೆ ಹರಿಸಿದೆ. ಡಂಪನ್ನು ಜಿಪ್ ಮಾಡಲಿಲ್ಲ. ಜಿಪ್ ಮಾಡಿದರೆ ಒಂದು ಆರ್ಡರ್ ಸೇರಿದರೂ ಅಲ್ಲಿಂದ ಮುಂದಿನ ಬೈಟ್‌ಗಳೆಲ್ಲ ಬದಲಾಗಿ, ಅದರ ನಂತರದ ಹಳೆಯ ತುಂಡು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅಪಾಯ ಇರುವುದು ಪೈಪ್‌ನಲ್ಲಿ. ಡಂಪ್ ಮಧ್ಯದಲ್ಲಿ ಸತ್ತರೂ ರೆಸ್ಟಿಕ್ ಸಿಕ್ಕಷ್ಟನ್ನು ಉಳಿಸಿ ‘ಆಯಿತು’ ಎನ್ನುತ್ತದೆ. ಹಾಗಾಗಿ ಪೈಪ್‌ನ ಯಾವ ತುದಿ ಸೋತರೂ ತಿಳಿಸುವ, ಬ್ಯಾಷ್ ಸ್ಕ್ರಿಪ್ಟ್‌ನ ‘ಪೈಪ್‌ಫೇಲ್’ ಆಯ್ಕೆ ಹಾಕಿದೆ. ಅದೊಂದೇ ಸಾಲದು: ಎಡವಟ್ಟು ವರದಿಯಾಗುತ್ತದೆ, ಆದರೆ ಅರ್ಧ ಸ್ನ್ಯಾಪ್‌ಶಾಟ್ (ಆ ಸಲದ ಬ್ಯಾಕಪ್) ಅಲ್ಲೇ ಉಳಿದಿರುತ್ತದೆ, ಅದನ್ನು ಅಳಿಸಬೇಕು.

ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯ ಕತೆ ನೆನಪಿದ್ದವರಿಗೆ ಈ ಅನುಮಾನ ಅತಿಯೆನಿಸದು. 31 ಜನವರಿ 2017ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಬ್ಯಾಕಪ್ ನೋಡಿದರೆ ಅದೂ ಇಲ್ಲ. ಡೇಟಾಬೇಸಿನ ಆವೃತ್ತಿ 9.6, ಡಂಪ್ ಮಾಡುವ ಉಪಕರಣದ್ದು 9.2, ಹೊಂದದೆ ದಿನಾ ಸೋಲುತ್ತಿತ್ತು. ಸೋತಿದ್ದೇನೆಂದು ಕಳಿಸಿದ ಮೇಲ್‌ಗಳೂ ಡಿಮಾರ್ಕ್ (ಮೇಲ್ ಅಸಲಿಯೇ ಎಂದು ನೋಡುವ ವ್ಯವಸ್ಥೆ) ತೊಡಕಿನಿಂದ ಯಾರಿಗೂ ತಲುಪುತ್ತಿರಲಿಲ್ಲ. ಒಬ್ಬರು ಅದಕ್ಕೆ ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆದದ್ದನ್ನೆಲ್ಲ ಮುಚ್ಚಿಡದೆ ಬರೆದರಲ್ಲ, ಅದಕ್ಕೆ ನನ್ನ ಗೌರವವಿದೆ. ನಮ್ಮಲ್ಲಿ ಸೋತಾಗ ಸುದ್ದಿ ಬರುವ ಬದಲು ಗೆದ್ದಾಗ ಸುದ್ದಿ ಬರುವಂತೆ ಮಾಡಿದ್ದೇನೆ. ಬೆಳಗ್ಗೆ ಮೆಸೇಜ್ ಬರಲಿಲ್ಲವೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಆಫೀಸಿನ ಪ್ರತಿ ಇಡುವ ಯಂತ್ರದಲ್ಲಿ ರೆಸ್ಟಿಕ್‌ನ ಬ್ಯಾಕಪ್ ಸ್ವೀಕರಿಸುವ ರೆಸ್ಟ್-ಸರ್ವರ್ ಅನ್ನು ‘ಅಪೆಂಡ್ ಓನ್ಲಿ’ಯಲ್ಲಿ ಓಡಿಸಿದೆ. ಡೆಸ್ಕ್‌ಟಾಪ್‌ಗಳು ಸೇರಿಸಬಹುದು, ಅಳಿಸುವಂತಿಲ್ಲ. ಡೆಸ್ಕ್‌ಟಾಪ್‌ಗೆ ವೈರಸ್ ಬಂದರೂ ಹಳೆಯ ಪ್ರತಿಗಳು ಅದರ ಕೈಗೆ ಸಿಗುವುದಿಲ್ಲ. 7 ದಿನದ್ದು, 4 ವಾರದ್ದು, 12 ತಿಂಗಳದ್ದು ಉಳಿಸಿ ಮಿಕ್ಕಿದ್ದನ್ನು ತೆಗೆಯುವ ಕೆಲಸ ಆ ಯಂತ್ರದಲ್ಲೇ, ನಾನು ಕೂತು ಪಟ್ಟಿ ನೋಡಿದ ಮೇಲೆ.

ಇಷ್ಟೆಲ್ಲ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಮಿಕ್ಕ ದಿನ ಪೂರ್ತಿ ಹೋದದ್ದು ಪಾಸ್‌ವರ್ಡ್‌ಗೆ.

ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಡೇಟಾ ಹೋದಂತೆಯೇ. ‘ಮರೆತಿದ್ದೀರಾ’ ಎಂದು ಕೇಳುವ ಬಟನ್ ಇಲ್ಲ, ಬೇಡಿಕೊಳ್ಳಲು ಕಸ್ಟಮರ್ ಕೇರ್ ಇಲ್ಲ. ಸ್ಕ್ರಿಪ್ಟ್‌ಗೆ ಬೇಕೆಂದು ಸರ್ವರ್‌ನ ಒಂದು ಫೈಲಿನಲ್ಲಿ, ರೂಟ್ (ಸರ್ವರ್‌ನ ಪೂರ್ಣಾಧಿಕಾರದ ಖಾತೆ) ಮಾತ್ರ ಓದುವಂತೆ ಇಟ್ಟಿರುತ್ತೇವೆ. ಆ ಸರ್ವರೇ ಸುಟ್ಟರೆ? ಬ್ಯಾಕಪ್ ಬೇಕಾಗುವುದೇ ಆ ದಿನ. ನನ್ನ ಫೋನಿನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲೂ ಇದೆ. ಆದರೆ ನಾನೇ ಆಸ್ಪತ್ರೆಯಲ್ಲಿದ್ದರೆ? ಇಂಥ ಎಷ್ಟೋ ಆಫೀಸುಗಳಲ್ಲಿ ಬ್ಯಾಕಪ್ ಸೊಗಸಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ, ತೆರೆಯಬಲ್ಲವನು ಲೋಕದಲ್ಲಿ ಒಬ್ಬನೇ ಇರುತ್ತಾನೆ. ಅಂಥದ್ದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲು ನಾನು ಒಪ್ಪುವುದಿಲ್ಲ.

ಆದ್ದರಿಂದ ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಇಡುವುದೆಂದಾಯಿತು. ಪಾಸ್‌ವರ್ಡ್‌ಗೆ ಕನ್ನಡ ಲಿಪಿ ಬೇಡವೆಂದೆ. ರಿಪೇರಿಗೆ ಕೂತ ಯಂತ್ರದಲ್ಲಿ ಕನ್ನಡ ಕೀಬೋರ್ಡ್ ಇರುವ ಖಾತ್ರಿಯಿಲ್ಲ, ಮೇಲಾಗಿ ಆ ‘ಬೇಡ’ದ ಕಾಟ ಇಲ್ಲೂ ಬರಬಹುದು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು. ಕೊನೆಗೆ 7776 ಪದಗಳ ಡೈಸ್‌ವೇರ್ ಪಟ್ಟಿಯಿಂದ ದಾಳ ಉರುಳಿಸಿ 6 ಇಂಗ್ಲಿಷ್ ಪದ ಆರಿಸಿದೆ. ಸುಮಾರು 77 ಬಿಟ್ ಬಲ, ಅಂದರೆ 2ರ 77ನೇ ಘಾತದಷ್ಟು ಸಾಧ್ಯತೆ. ರೆಸ್ಟಿಕ್ ಬೇಕೆಂದೇ ನಿಧಾನವಾಗಿರುವ ಎಸ್‌ಕ್ರಿಪ್ಟ್ ಲೆಕ್ಕ ಬಳಸುವುದರಿಂದ ಊಹೆ ಮಾಡುವವನಿಗೆ ಪ್ರತಿ ಊಹೆಯೂ ದುಬಾರಿ. ಒಂದೇ ರೆಪಾಸಿಟರಿಗೆ (ಬ್ಯಾಕಪ್ ತುಂಬಿಡುವ ಕಣಜಕ್ಕೆ) ಹಲವು ಪಾಸ್‌ವರ್ಡ್ ಇಡಬಹುದು: ಯಂತ್ರಕ್ಕೊಂದು, ನನಗೊಂದು, ಲಕೋಟೆಗೊಂದು.

ಮಾಲೀಕರಿಗೆ ಒಂದು ವಿಷಯ ಒತ್ತಿ ಹೇಳಿದೆ. ಕೆಲಸ ಬಿಟ್ಟವರ ಪಾಸ್‌ವರ್ಡ್ ತೆಗೆದುಹಾಕಿದರೂ ಒಳಗಿನ ಮೂಲ ಕೀಲಿ ಬದಲಾಗುವುದಿಲ್ಲ. ಎಲ್ಲ ಪಾಸ್‌ವರ್ಡ್‌ಗಳೂ ತೆರೆಯುವುದು ಆ ಒಂದೇ ಕೀಲಿಯನ್ನು. ಅದನ್ನು ಯಾರಾದರೂ ನಕಲು ಮಾಡಿಕೊಂಡಿರುವ ಅನುಮಾನವಿದ್ದರೆ ಹೊಸ ರೆಪಾಸಿಟರಿ ಮಾಡಿ, ಸ್ನ್ಯಾಪ್‌ಶಾಟ್‌ಗಳನ್ನು ಅದಕ್ಕೆ ಕಾಪಿ ಮಾಡಿ, ಹಳೆಯದನ್ನು ಅಳಿಸಬೇಕು.

"ಅಂದ್ರೆ ನೀನು ಕೆಲಸ ಬಿಟ್ರೂ ಹಾಗೇ ಮಾಡ್ಬೇಕಾ?"

"ಹೌದು ಸರ್, ಮೊದಲು ನನಗೇ ಹಾಗೆ ಮಾಡ್ಬೇಕು."

ಲಕೋಟೆಯೊಳಗೆ ಪಾಸ್‌ವರ್ಡ್ ಒಂದೇ ಇದ್ದರೆ ಸಾಲದು. ರೆಪಾಸಿಟರಿಯ ವಿಳಾಸ, ಸ್ಟೋರೇಜ್‌ನ ಕೀಲಿ, ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಟೈಪ್ ಮಾಡಬೇಕಾದ ಸಾಲುಗಳು ಎಲ್ಲ ಬೇಕು. ಸ್ಟೋರೇಜ್ ಖಾತೆಯ ಒಟಿಪಿ ನನ್ನ ಮೊಬೈಲಿಗೆ ಬರುವಂತಿತ್ತು. ಆಫೀಸಿನ ನಂಬರಿಗೆ ಬದಲಾಯಿಸಿದೆ. ಬಿಲ್ಲು ಮಾಲೀಕರ ಕಾರ್ಡಿಗೆ. ಬಿಲ್ ಕಟ್ಟದೆ ಅಳಿಸಿಹೋಗುವ ಬ್ಯಾಕಪ್‌ಗೆ ಎಇಎಸ್ ಏನೂ ಮಾಡಲಾರದು. ಒಂದು ಲಕೋಟೆ ಮಾಲೀಕರ ಬ್ಯಾಂಕ್ ಲಾಕರ್‌ಗೆ, ಇನ್ನೊಂದು ಅವರ ತಂಗಿಯ ಮನೆಗೆ.

ಊರಾಚೆಯ ಪ್ರತಿಯ ಮೊದಲ ಅಪ್‌ಲೋಡ್ ಸುಮಾರು 400 ಜಿಬಿ. 20 ಎಂಬಿಪಿಎಸ್ ಲೈನಿನಲ್ಲಿ 44 ಗಂಟೆ ಬೇಕು. ಮಧ್ಯೆ ಕರೆಂಟ್ ಹೋದರೆ ಮತ್ತೆ ಅದೇ ಕಮಾಂಡ್ ಕೊಟ್ಟರಾಯಿತು, ಏರಿದ ತುಂಡುಗಳು ವ್ಯರ್ಥವಾಗುವುದಿಲ್ಲ. ಸದ್ಯ ಓಡುತ್ತಿದೆ.

23 ಜೂನ್, ಸೋಮವಾರ

ಬೆಳಗ್ಗೆ ಗೆದ್ದ ಮೆಸೇಜ್ ಎಲ್ಲ ಯಂತ್ರದಿಂದಲೂ ಬಂದಿತ್ತು, ಮ್ಯಾಕ್ ಒಂದನ್ನು ಬಿಟ್ಟು. ಅದನ್ನು ನಿದ್ದೆಗೆ ಹಾಕಿ ಹೋಗಿದ್ದರಂತೆ.

ಲಕೋಟೆ ಲಾಕರ್‌ಗೆ ಹೋಗುವ ಮುಂಚೆ ಪರೀಕ್ಷೆ. ಕಂಪ್ಯೂಟರ್ ಕೆಲಸ ಗೊತ್ತಿರುವವರ ಕೈಯಲ್ಲಿ ಮಾಡಿಸಿದರೆ ಪರೀಕ್ಷೆಗೆ ಅರ್ಥವಿಲ್ಲ. ಅಕೌಂಟ್ಸ್ ಅಕ್ಕನಿಗೆ ಖಾಲಿ ಲ್ಯಾಪ್‌ಟಾಪ್ ಮತ್ತು ಹಾಳೆ ಕೊಟ್ಟು, ಆಫೀಸಿನ ಪ್ರತಿಯಿಂದ ಹೋದ ತಿಂಗಳ ಗೌರವಧನದ ಪಟ್ಟಿ ತೆಗೆಯಿರಿ ಎಂದೆ. ನಾನು ಬಾಯಿ ಬಿಡುವ ಹಾಗಿಲ್ಲ ಎಂದು ಕರಾರು.

ಅಕ್ಕ 6 ಪದಗಳನ್ನು ಸಲೀಸಾಗಿ ಹೊಡೆದರು. ಆಮೇಲೆ ಹಾಳೆಯಲ್ಲಿದ್ದ ಊರಾಚೆಯ ಸ್ಟೋರೇಜ್‌ನ ಕೀಲಿಯನ್ನೂ ಹಾಕುವಾಗ ನಿಂತರು. "ಇದು ಒಂದಾ, ಇಂಗ್ಲಿಷ್ ಎಲ್ ಅಕ್ಷರಾನಾ?" ಎರಡು ಸಲ ತಪ್ಪಾಗಿ, ಮೂರನೆಯದಕ್ಕೆ ಹೊಕ್ಕಿತು. ಡಿಟಿಪಿ ಹುಡುಗ ಹಾಳೆ ಕಿತ್ತುಕೊಂಡು ನೋಡಿ, "ಈ ಫಾಂಟ್‌ನಲ್ಲಿ ಯಾರು ಕೊಡ್ತಾರೆ ಸರ್" ಎಂದು ಬೈದು, ಸೊನ್ನೆಗೆ ಅಡ್ಡಗೀಟು ಇರುವ ಮಾನೋಸ್ಪೇಸ್ ಫಾಂಟ್‌ನಲ್ಲಿ, ನಾಲ್ಕು ನಾಲ್ಕು ಅಕ್ಷರ ಗುಂಪು ಮಾಡಿ ಮತ್ತೆ ಸೆಟ್ ಮಾಡಿಕೊಟ್ಟ. ಅಂತರ ಬಿಟ್ಟು ಟೈಪ್ ಮಾಡಬೇಕೆಂದು ಅಡಿಟಿಪ್ಪಣಿಯನ್ನೂ ಸೇರಿಸಿದ. ಕೀಲಿಯಲ್ಲಿ ಅಂತರವೇ ಇಲ್ಲವಾದ್ದರಿಂದ ‘ಅಂತರ ಬಿಡದೆ’ ಎಂದು ತಿದ್ದಿಸಿದ ಮೇಲೆ ಪ್ರಿಂಟ್ ತೆಗೆದೆವು.

ಪಟ್ಟಿ ತೆರೆಯಿತು. ಮೊತ್ತ ಟ್ಯಾಲಿಯ ಜತೆ ಹೊಂದಿತು. ಆಫೀಸಿನ ಪ್ರತಿಯ ಡೇಟಾ ಪೂರ್ತಿ ಓದಿ ನೋಡುವ ಚೆಕ್ಕನ್ನು ದಿನಕ್ಕೆ ಏಳರಲ್ಲಿ ಒಂದು ಪಾಲಿನಂತೆ ವಾರಕ್ಕೆ ಹಂಚಿದ್ದೇನೆ.

ಅಕ್ಕ ಹೊರಡುವಾಗ ಕೇಳಿದರು: "ಹಾಗಾದ್ರೆ ನಾನು ದಿನಾ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಮನೆಗೆ ತಗೊಂಡು ಹೋಗೋದು ಬೇಡ್ವಾ?"

ಅದು ನನಗೆ ಗೊತ್ತೇ ಇರಲಿಲ್ಲ. ನಾಳೆ ಆ ಪೆನ್‌ಡ್ರೈವ್ ತರಲು ಹೇಳಿದ್ದೇನೆ.